ಕೊಳೆಯುವ ಹಕ್ಕು

ನೀರು ಕೊಳೆಯಲೇಬಾರದು ಎಂದು ಸರಕಾರ ಕಾನೂನು ಮಾಡಿದರೆ ಏನಾಗುತ್ತದೆ? ರೋಗ ನಿಲ್ಲುತ್ತದೆ, ಮಕ್ಕಳು ಬದುಕುತ್ತಾರೆ. ಇಷ್ಟು ಒಳ್ಳೆಯದನ್ನು ಮಾಡಿದ ಕಾನೂನಿನ ಮೇಲೆ ಕಲ್ಲೆಸೆಯಲು ಯಾರಿಗೆ ತಾನೇ ಮನಸ್ಸು ಬಂದೀತು? ಆದರೆ ಅದೇ ಕಾನೂನಿನ ಕೆಳಗೆ ಒಂದು ಹೊಸ ಸಮುದ್ರವನ್ನು ಹುಟ್ಟಿಸುತ್ತೇವೆಂದು ಹೊರಟರೆ ಅದು ಮಾತ್ರ ಹುಟ್ಟುವುದಿಲ್ಲ. ಇಳಕಲ್ಲಿನ ಹತ್ತಿರದ ಹಳೆಯ ಕಲ್ಲುಗಣಿಯೊಂದರಲ್ಲಿ ಸಮುದ್ರ ಹುಟ್ಟಿಸುವ ಕೆಲಸಕ್ಕಿದ್ದ ಸುಗಂಧಿ ಮೊಗವೀರ ಎಂಬ ಸೂಕ್ಷ್ಮಜೀವಿ ವಿಜ್ಞಾನಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತೇ ಹೊರತು ಕೇಳುವ ಕಿವಿ ರಾಜಧಾನಿಯಲ್ಲಿ ಒಂದೂ ಇರಲಿಲ್ಲ.

ಕಾನೂನು ಬಂದದ್ದು ಕೆರೆಜ್ವರದ ಮರುವರ್ಷ. ನಿಂತ ನೀರಿನಿಂದ ಎದ್ದ ಆ ಮಾರಿ ಊರೂರನ್ನೇ ಗುಡಿಸಿಕೊಂಡು ಹೋಗಿತ್ತು. ಆಮೇಲೆ ‘ಕಾವಲು’ ಬಂತು. ಕಾವಲು ಎಂದರೆ ರಾಜ್ಯದ ಪ್ರತಿಯೊಂದು ನಿಂತ ನೀರಿನಲ್ಲೂ ಮುಳುಗಿಸಿಟ್ಟ ಕಡಲೆಕಾಳಿನಷ್ಟು ಗಾತ್ರದ ಕಣ್ಣುಗಳು ಮತ್ತು ಆ ಕಣ್ಣುಗಳೆಲ್ಲ ಚಾಡಿ ಹೇಳುವ ಒಂದು ಯಂತ್ರಬುದ್ಧಿ. ನೀರಿನಲ್ಲಿ ಏನೇ ಕೊಳೆತರೂ ಮೊದಲು ಹುಟ್ಟುವುದು ಅಮೋನಿಯಾ. ಅಮೋನಿಯಾ ಗೆರೆ ದಾಟಿತೋ, ಕಾವಲು ಯಾರನ್ನೂ ಕೇಳದೆ ತೂಬು ತೆರೆದು ನೀರನ್ನು ಚೆಲ್ಲಿ, ಜಾಗವನ್ನು ಔಷಧ ಹಾಕಿ ತೊಳೆದುಬಿಡುತ್ತಿತ್ತು. ಕೆರೆಗೂ ಅದೇ, ಮನೆಯ ಹಂಡೆಗೂ ಅದೇ. ಉಪ್ಪುನೀರಿನಲ್ಲಿ ಹಲಸಿನ ಸೊಳೆ ಹಾಕಿಡುವುದು ನಿಂತುಹೋಯಿತು. ತಂಗಳನ್ನದ ನೀರನ್ನು ಕದ್ದ ಮಾಲಿನ ಹಾಗೆ ಬಚ್ಚಿಡಬೇಕಾಯಿತು. ಬೈಯುತ್ತ ಬೈಯುತ್ತ ಜನ ಒಗ್ಗಿಕೊಂಡರು, ಏಕೆಂದರೆ ಬೈಯಲು ಅವರು ಬದುಕಿ ಉಳಿದಿದ್ದರು.

ಸುಗಂಧಿಯ ಕತೆ ಅದಕ್ಕೂ ಹಿಂದಿನದು. ಅವಳು ಚಿಕ್ಕವಳಿದ್ದಾಗಲೇ ಕಡಲು ಗಾಳಿಯ ಹೊಗೆಯನ್ನೆಲ್ಲ ಕುಡಿದು ಹುಳಿಯಾಗತೊಡಗಿತ್ತು. ಚಿಪ್ಪಿನ ಪ್ರಾಣಿಗಳ ಚಿಪ್ಪು ಕರಗಿತು, ಬಂಗುಡೆ ಬೂತಾಯಿಗಳು ದೂರ ಸರಿದವು, ಕೊನೆಗೆ ಸರಿಯಲು ಜಾಗವೂ ಉಳಿಯಲಿಲ್ಲ. ಗಂಗೊಳ್ಳಿಯ ಮೊಗವೀರರ ಕೇರಿಯನ್ನು ಅಲೆ ನುಂಗಿದಾಗ ಅವರನ್ನು ಲಾರಿಗಳಲ್ಲಿ ತುಂಬಿ ಬಯಲುಸೀಮೆಯ ಈ ಗಣಿಯ ಪಕ್ಕ ತಂದಿಳಿಸಿದರು. ಹೊಸ ಗಂಗೊಳ್ಳಿ ಎಂದು ಫಲಕ ನೆಟ್ಟರು. ಕಡಲಿಲ್ಲದ ಗಂಗೊಳ್ಳಿಗೆ ಆ ಹೆಸರಿಟ್ಟವನಿಗೆ ನಾಚಿಕೆಯಾದರೂ ಆಗಬೇಕಿತ್ತು.

ಈಗ ಸುಗಂಧಿಗೆ ನಡುವಯಸ್ಸು. ಸಾಯುತ್ತಿದ್ದ ಕಡಲಿನಿಂದ ಅವಳು ಮತ್ತು ಅವಳ ಜೊತೆಯವರು ಒಂದಷ್ಟು ಜೀವಗಳನ್ನು ಉಳಿಸಿ ತಂದಿದ್ದರು. ಕಾಣೆ ಮೀನು, ಏಡಿ, ಸಿಗಡಿ, ಹವಳದ ತುಂಡುಗಳು. ಅವು ಗಣಿಯ ಪಕ್ಕದ ಉಕ್ಕಿನ ತೊಟ್ಟಿಗಳಲ್ಲಿದ್ದವು. ಅಲ್ಲಿ ಅಮೋನಿಯಾ ಏರದಿರಲೆಂದು ದಿನವೂ ನೀರು ಬದಲಿಸಬೇಕಾಗಿತ್ತು, ಬದಲಿಸಿದಾಗಲೆಲ್ಲ ಒಂದೆರಡು ಜೀವ ಹೋಗುತ್ತಿತ್ತು. ಹೊಂಡದಲ್ಲಿ ಹತ್ತು ಲಕ್ಷ ಲೀಟರಿನ ಸಮುದ್ರ ತಯಾರಾದ ಮೇಲೆ ಅವನ್ನು ಅಲ್ಲಿಗೆ ಬಿಡುವುದು ಯೋಜನೆ. ಎರಡು ಸಲ ಬಿಟ್ಟಿದ್ದರು. ಎರಡು ಸಲವೂ ಬಿಟ್ಟ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿತ್ತು. ಮೂರನೆಯ ಸಲವೂ ಹೀಗೇ ಆದರೆ ಹೊಂಡ ಮುಚ್ಚಿ ಯೋಜನೆಗೆ ಮಂಗಳ ಹಾಡುವುದೆಂದು ರಾಜಧಾನಿಯಿಂದ ಮಾತು ಬಂದಿತ್ತು. ತೊಟ್ಟಿಗಳ ಜೀವಗಳಂತೂ ಹೇಗೂ ಮುಂದಿನ ಬೇಸಿಗೆ ನೋಡುವ ಹಾಗಿರಲಿಲ್ಲ.

ಮೀನು ಸತ್ತದ್ದೇಕೆ ಎನ್ನುವುದರಲ್ಲಿ ಗುಟ್ಟೇನೂ ಇಲ್ಲ. ಮೀನು ಉಸಿರು ಬಿಟ್ಟರೂ ಉಚ್ಚೆ ಹೊಯ್ದರೂ ಹೊರಬರುವುದು ಅಮೋನಿಯಾ, ಅದೇ ಅದಕ್ಕೆ ವಿಷ. ಕಡಲಿನಲ್ಲಿ ಕಲ್ಲುಕಲ್ಲಿನ ಮೈಮೇಲೂ ಕಣ್ಣಿಗೆ ಕಾಣದ ಜೀವಿಗಳು ಕೂತು ಈ ವಿಷವನ್ನು ತಿನ್ನುತ್ತವೆ. ಒಂದು ಪಂಗಡ ಅಮೋನಿಯಾ ತಿಂದು ನೈಟ್ರೈಟ್ ಎಂಬ ಇನ್ನೊಂದು ವಿಷ ಬಿಡುತ್ತದೆ. ಎರಡನೆಯ ಪಂಗಡ ಆ ನೈಟ್ರೈಟ್ ತಿಂದು ನೈಟ್ರೇಟ್ ಮಾಡುತ್ತದೆ. ಅದು ಪಾಚಿಗೆ ಗೊಬ್ಬರ, ಮೀನಿಗೆ ಅಷ್ಟೇನೂ ಕೆಡುಕಿಲ್ಲ. ಹೊಸ ನೀರಿನಲ್ಲಿ ಈ ಪಂಗಡಗಳು ಇರುವುದಿಲ್ಲ. ಸುಗಂಧಿ ತೊಟ್ಟಿಯ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಂಡದ ತಳದಲ್ಲಿಟ್ಟು ಬೀಜವನ್ನೇನೋ ಬಿತ್ತಿದ್ದಳು. ಆದರೆ ಬಿತ್ತಿದ ಮೇಲೆ ಉಣ್ಣಲು ಹಾಕಬೇಕಲ್ಲ? ಮೀನು ಬಿಡುವ ಮೊದಲೇ ನೀರನ್ನು ಬೇಕೆಂದೇ ಕೊಳೆಸಿ, ಮೂಗು ಮುಚ್ಚಿಕೊಂಡು ವಾರಗಟ್ಟಲೆ ಕಾಯಬೇಕು. ಮನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕಡಲ ಮೀನು ಸಾಕುತ್ತಿದ್ದ ಹಿಂದಿನ ಕಾಲದ ಶೋಕಿಯವರಿಗೂ ಇದು ಗೊತ್ತಿತ್ತು. ಅವರು ಒಂದು ಸಿಗಡಿಯನ್ನು ಹಾಕಿ ಕೊಳೆಯಲು ಬಿಡುತ್ತಿದ್ದರು. ಈಗ ಸಿಗಡಿ ಹಾಕಿದರೆ ಕಾವಲು ಹೊಂಡವನ್ನೇ ಬರಿದು ಮಾಡುತ್ತಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಿತ್ತು ಇವರ ಶುದ್ಧಿ.

ಹೊಂಡದ ಯೋಜನೆ ನಡೆಸುವ ಕೇಂದ್ರದ ಮುಖ್ಯಸ್ಥರು ವೀರಭದ್ರಪ್ಪ ಕಂದಗಲ್ಲ. ಶ್ರಾವಣದ ಒಂದು ಬೆಳಗ್ಗೆ ನಿಯಂತ್ರಣ ಕೊಠಡಿಯಲ್ಲಿ ಸುಗಂಧಿ ಅವರೆದುರು ಮತ್ತೆ ಅದೇ ಬೇಡಿಕೆ ಇಟ್ಟಳು.

“ಒಂದೇ ಸಲ, ಸರ್. ನಾನೇ ಅಳೆದು ಅಮೋನಿಯಾ ಹಾಕ್ತೇನೆ. ನವರಾತ್ರಿ ಹೊತ್ತಿಗೆ ಅದು ತಾನಾಗಿ ಇಳೀತದೆ.”

“ನೋಡ್ರಿ ಸುಗಂಧಿಯವರ, ನಾ ನಿಮ್ಮ ವಿಜ್ಞಾನ ಸುಳ್ಳ ಅನ್ನೂದಿಲ್ಲ,” ಎಂದರು ಕಂದಗಲ್ಲರು. “ಆದ್ರ ಹಾಲು ಕುಡಿದ ಮಕ್ಕಳೇ ಬದುಕೂದಿಲ್ಲ, ವಿಷ ಕುಡದಾವು ಬದುಕ್ತಾವೇನ್ರಿ? ಕೊಳತ ನೀರಿನ್ಯಾಗ ಏನೇನು ಹುಟ್ಟತಾವು ಅಂತ ನನಗ ಯಾರೂ ಹೇಳಿಕೊಡೂದು ಬ್ಯಾಡ.”

ಕೆರೆಜ್ವರದಲ್ಲಿ ಅವರ ಒಬ್ಬಳೇ ಮಗಳು ಹೋಗಿದ್ದಳು. ಊರ ಕೆರೆಯಲ್ಲಿ ಕಾಲು ತೊಳೆದುಕೊಂಡು ಬಂದದ್ದಷ್ಟೇ ನೆಪ. ಸುಗಂಧಿಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಕಟುಕನ ಜೊತೆ ಜಗಳವಾಡುವುದು ಸುಲಭ, ನೊಂದವನ ಜೊತೆ ಕಷ್ಟ. ಅವಳು ಎದ್ದು ಬಂದಳು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಬೇಡಿಕೆ ಕಾಯುತ್ತಿತ್ತು. ಅವಳ ತಾಯಿ ಮುತ್ತಕ್ಕ ಅಕ್ಕಿ ಆರಿಸುತ್ತ ಕೂತಿದ್ದಳು. ನೂಲ ಹುಣ್ಣಿಮೆ ಹತ್ತಿರ ಬಂದಿತ್ತು. ಕರಾವಳಿಯಲ್ಲಿದ್ದಾಗ ಅಂದು ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿಯೇ ಮಳೆಗಾಲ ಕಳೆದ ದೋಣಿಗಳನ್ನು ನೀರಿಗಿಳಿಸುತ್ತಿದ್ದರು.

“ಈ ಸರ್ತಿ ನಾವೆಲ್ಲ ನಿನ್ನ ಹೊಂಡದ ಹತ್ರ ಬಪ್ಪುದೇ ಕಾಣ್,” ಎಂದಳು ಮುತ್ತಕ್ಕ. “ಕಡ್ಲಿಗೆ ಹಾಲ್ ಎರ್ಯದೆ ಎಷ್ಟ್ ವರ್ಷ ಆಯ್ತ್ ಮಾರಾಯ್ತಿ!”

“ಬಪ್ಪುಕಾಗ ಅಮ್ಮ. ಒಂದ್ ಹೂವಿನ ಎಸಳೂ ಆ ನೀರಿಗ್ ಬೀಳುಕಾಗ.”

“ಹೂ ಹಾಕುಕಾಗ, ಹಾಲ್ ಎರುಕಾಗ, ಮುಟ್ಟುಕಾಗ. ಅದೆಂತ ಕಡಲಾ, ಮಡಿ ಉಟ್ಕಂಡ್ ಕೂಕಂಡ ಅಜ್ಜಿಯಾ?”

ಸುಗಂಧಿಗೆ ನಗು ಬಂತು, ಆದರೂ ಬೇಡವೆಂದೇ ಹೇಳಿ ಊಟಕ್ಕೆ ಕೂತಳು. ತಾಯಿ ಮತ್ತೆ ಮಾತೆತ್ತಲಿಲ್ಲ. ಮುತ್ತಕ್ಕ ಸುಮ್ಮನಾದಳೆಂದರೆ ಒಪ್ಪಿದಳೆಂದು ಅರ್ಥವಲ್ಲ ಎನ್ನುವುದು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗಾದರೂ ಹೊಳೆಯಬೇಕಿತ್ತು.

ಹುಣ್ಣಿಮೆಯ ಮರುದಿನ ಕೆಲಸಕ್ಕೆ ಹೋದಾಗ ನಿಯಂತ್ರಣ ಕೊಠಡಿಯ ಸಹೋದ್ಯೋಗಿ ರುಬೀನಾ ಬಾಗವಾನ ಬಾಗಿಲಲ್ಲೇ ನಿಂತಿದ್ದಳು.

“ಅಕ್ಕಾರ, ಲಗೂನ ಬರ್ರಿ. ಹೊಂಡದ ನೀರು ಸುಣ್ಣ ಕದಡಿದಂಗ ಬೆಳ್ಳಗ ಆಗೈತ್ರಿ!”

ಸುಗಂಧಿ ಓಡಿದಳು. ಕೆಂಪು ಕಲ್ಲಿನ ಹೊಂಡದ ತುಂಬ ಬಿಳಿ ನೀರು. ಅಂಚಿನಲ್ಲಿ ಸೇವಂತಿಗೆ ಎಸಳು, ತೆಂಗಿನಕಾಯಿ ಹೋಳು, ಮೇಲೆ ತೆಳ್ಳನೆಯ ಕೆನೆ. ದಂಡೆಯ ಮೇಲೆ ಸಾಲಾಗಿ ಬೋರಲು ಹಾಕಿದ ಹಾಲಿನ ಕ್ಯಾನುಗಳು. ಇದು ಕೇರಿಯವರದೇ ಕೆಲಸವೆಂದು ಅವಳಿಗೆ ಕೂಡಲೇ ಗೊತ್ತಾಯಿತು. ಮನೆಗೆ ಬಂದವಳು ತಾಯಿಯ ಮೇಲೆ ಹರಿಹಾಯ್ದಳು.

ಮುತ್ತಕ್ಕ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. “ನಾಕ್ ಚಮಚ ಎರುಕೆ ಹೋಪ ಅಂದದ್ದ್ ನಾನು. ಆಚೆಮನೆ ಸೂರಕ್ಕ ಬಿಡ್ಲೇ ಇಲ್ಲೆ. ‘ಇಷ್ಟ್ ವರ್ಷ ಎರ್ಲಿಲ್ಲೆ, ಬಿಟ್ಟ್ ಹೋದ ವರ್ಷಕ್ಕೆಲ್ಲ ಒಂದೊಂದ್ ಕ್ಯಾನಾದ್ರೂ ಬ್ಯಾಡ್ದಾ’ ಅಂದ್ಲ್. ಎಂತ ಮಾಡುಕೆ ಹೋದ್ದ್, ಎಂತ ಆಯ್ತ್ ಕಾಣ್!”

ಅದೇ ಅವರ ತಪ್ಪು. ಗಂಗೊಳ್ಳಿಯ ಕಡಲಿಗೆ ಒಂದು ಕೊಡ ಹಾಲು ಸುರಿದರೆ ಅಲೆಗೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಹೊಂಡವೂ ಕಡಲೇ ಎಂದು ನಂಬಿದ ಕೇರಿಯವರು, ಎಷ್ಟೋ ವರ್ಷಗಳಿಂದ ಕೊಡದೆ ಉಳಿದದ್ದನ್ನೆಲ್ಲ ಒಂದೇ ಹುಣ್ಣಿಮೆಗೆ ಒಪ್ಪಿಸಿ ಕೈಮುಗಿದು ಬಂದಿದ್ದರು. ಅವರ ಭಕ್ತಿ ದೊಡ್ಡದು, ಹೊಂಡ ಚಿಕ್ಕದು.

ಸುಗಂಧಿ ಸಿಟ್ಟಿನಲ್ಲೇ ನಿಯಂತ್ರಣ ಕೊಠಡಿಗೆ ಮರಳಿ ಪರದೆಯ ಎದುರು ಕೂತಳು. ಹಾಲು ಆಗಲೇ ಕೊಳೆಯತೊಡಗಿತ್ತು. ಅಮೋನಿಯಾದ ಗೆರೆ ನಿಧಾನವಾಗಿ ಮೇಲಕ್ಕೆ ಹತ್ತುತ್ತಿತ್ತು. ಅವಳು ಆ ಗೆರೆಯನ್ನು ನೋಡಿದಳು. ಅದು ಎಲ್ಲಿಗೆ ಹೋಗಿ ನಿಲ್ಲಬಹುದೆಂದು ಮನಸ್ಸಿನಲ್ಲೇ ಗುಣಿಸಿದಳು. ಇನ್ನೊಮ್ಮೆ ಗುಣಿಸಿದಳು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳು ವರ್ಷಗಟ್ಟಲೆ ಯಾವ ಪ್ರಮಾಣಕ್ಕೆ ಅನುಮತಿ ಬೇಡಿದ್ದಳೋ, ಹೆಚ್ಚುಕಡಿಮೆ ಅಷ್ಟನ್ನೇ ಕೇರಿಯ ಮುದುಕಿಯರು ಅನುಮತಿಯ ಗೊಡವೆಯಿಲ್ಲದೆ ಹೊಂಡಕ್ಕೆ ಸುರಿದಿದ್ದರು. ಅವರಿಗೆ ಇದರ ತಲೆಬುಡ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಈಗ ಸುಮ್ಮನಿದ್ದರೆ ಅವಳು ಕಲಿತ ವಿದ್ಯೆಗೆ ಬೆಂಕಿ ಬೀಳಲಿ!

ಕಾವಲು ಕೂಗಿತು. ಪರದೆ ಕೆಂಪಾಯಿತು. ‘ನೀರು ಮಿತಿ ಮೀರಿದೆ. ತೂಬು ತೆರೆಯಲಾಗುವುದು. ಹೊಣೆಯ ಅಧಿಕಾರಿ ತಡೆಯಲಿಚ್ಛಿಸಿದರೆ ಹೆಬ್ಬೆರಳು ಒತ್ತಬೇಕು. ಮುಂದಿನ ಎಲ್ಲ ಪರಿಣಾಮಗಳಿಗೆ ಅವರೇ ಬಾಧ್ಯರು.’ ಹೊಂಡದ ಹೊಣೆ ಸುಗಂಧಿಯದೇ ಆಗಿತ್ತು.

“ಅಕ್ಕಾರ, ಯಾರೂ ಒತ್ತಿಲ್ರಿ ಅದನ್ನ ಇಲ್ಲೀತನಕ,” ಎಂದಳು ರುಬೀನಾ. “ಜೈಲಿಗೆ ಹಾಕ್ತಾರ.”

“ಹಾಕಲಿ,” ಎಂದು ಸುಗಂಧಿ ಹೆಬ್ಬೆರಳು ಒತ್ತಿದಳು.

ಮುಂದಿನ ದಿನಗಳಲ್ಲಿ ಎದ್ದ ನಾತವನ್ನು ಹೇಗೆ ಹೇಳುವುದು! ಹಾಲು ಕೊಳೆತ ನಾತ, ಉಪ್ಪುನೀರಿನ ನಾತ, ಎರಡೂ ಸೇರಿ ಬಯಲುಸೀಮೆಯ ಬಿಸಿಲಿಗೆ ಕುದಿದು ಊರ ಮೇಲೆ ಕವುಚಿ ಕೂತಿತು. ಬಸ್ಸಿನವರು ಹೊಸ ಗಂಗೊಳ್ಳಿಯಲ್ಲಿ ನಿಲ್ಲಿಸುವುದನ್ನು ಬಿಟ್ಟರು. ಇಳಕಲ್ಲಿನ ಪೇಟೆಗೆ ಕೇರಿಯ ಹೆಂಗಸರು ಹೋದರೆ ಅಂಗಡಿಯವರು ಮೂಗಿಗೆ ಬಟ್ಟೆ ಹಿಡಿದರು. ಮುತ್ತಕ್ಕ ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಮಗಳ ಮುಂದೆ ಬಂದು ಕೂತಳು.

“ಆ ನೀರ್ ಬಿಟ್ಟ್ ಹಾಕ್ ಮಗಾ. ತಪ್ಪ್ ನಮ್ದೇ. ಊರೆಲ್ಲ ಮತ್ತೆ ‘ಮೀನಿನವ್ರ್ ನಾತ’ ಅಂತ್ರ್. ಎಷ್ಟ್ ವರ್ಷ ಬೇಕಾಯ್ತ್ ಆ ಮಾತ್ ನಿಲ್ಲುಕೆ, ಗೊತ್ತಿತ್ತಲ್ದಾ ನಿಂಗೆ?”

ಗೊತ್ತಿಲ್ಲದೆ ಏನು? ಇಲ್ಲಿಗೆ ಬಂದ ಹೊಸತರಲ್ಲಿ ಶಾಲೆಯಲ್ಲಿ ಅವಳನ್ನು ಕಿಟಕಿಯ ಪಕ್ಕ ಒಬ್ಬಳನ್ನೇ ಕೂರಿಸಿದ್ದರು. ಸುಗಂಧಿ ಎಂದು ಹಾಜರಿ ಕರೆದಾಗಲೆಲ್ಲ ತರಗತಿ ತರಗತಿಯೇ ಮೂಗು ಹಿಡಿದು ನಗುತ್ತಿತ್ತು. ಮನೆಯಲ್ಲಿ ಒಣಮೀನು ಸುಡುವುದು ನಿಂತದ್ದು ಆಗಲೇ. ಅವಳು ಕುತ್ತಿಗೆಗೆಲ್ಲ ಪೌಡರ್ ಬಳಿದುಕೊಂಡು, ಎರಡೆರಡು ಸಲ ಸೋಪು ಹಚ್ಚಿ, ಚರ್ಮ ಕಿತ್ತುಬರುವ ಹಾಗೆ ಉಜ್ಜಿಕೊಳ್ಳುತ್ತಿದ್ದಳು. ತನ್ನ ತಾಯಿ ಶಾಲೆಯ ಗೇಟಿಗೆ ಬಂದರೆ ಕಂಬದ ಹಿಂದೆ ಅಡಗುತ್ತಿದ್ದಳು. ಇಷ್ಟು ವಯಸ್ಸಾದ ಮೇಲೂ ಜನರ ನಡುವೆ ನಿಂತಾಗ ತನ್ನ ತೋಳನ್ನು ತಾನೇ ಕದ್ದು ಮೂಸಿ ನೋಡುವ ಚಾಳಿ ಹೋಗಿರಲಿಲ್ಲ. ಅದೆಲ್ಲ ನೆನಪಾಗಿ ಅವಳಿಗೆ ಕೆಟ್ಟ ಸಿಟ್ಟು ಬಂತು. ನಕ್ಕವರ ಮೇಲಲ್ಲ, ಉಜ್ಜಿಕೊಂಡ ತನ್ನ ಮೇಲೆ.

“ಅನ್ಲಿ ಅಮ್ಮ,” ಎಂದಳು. “ನಾರ್ತಿತ್ತ್ ಅಂದ್ರೆ ನಾರ್ತಿತ್ತ್. ಕಡ್ಲ್ ಹುಟ್ಟುದೇ ಹಾಂಗೆ. ನಂಗೆ ನಾಚ್ಕಿ ಸಾಕಾಯ್ತ್.”

ಮುತ್ತಕ್ಕ ಮಗಳ ಮುಖವನ್ನೇ ನೋಡಿದಳು. ಒಳಗೆ ಹೋಗಿ, ಡಬ್ಬದ ತಳದಲ್ಲಿ ಯಾವ ಕಾಲದಿಂದಲೋ ಕಟ್ಟಿಟ್ಟಿದ್ದ ಒಣಸಿಗಡಿಯ ಪೊಟ್ಟಣ ತೆಗೆದು, ಬಾಣಲೆಯಲ್ಲಿ ಹುರಿದು ಚಟ್ನಿ ಮಾಡಿದಳು. ಕಿಟಕಿಗಳನ್ನು ಮುಚ್ಚಲಿಲ್ಲ. ತಾಯಿ ಮಗಳು ಗಂಜಿಗೆ ಅದನ್ನೇ ಹಾಕಿಕೊಂಡು ಉಂಡರು.

ಎರಡು ವಾರ ಕಳೆಯುವಷ್ಟರಲ್ಲಿ ಅಮೋನಿಯಾದ ಗೆರೆ ತುದಿ ಮುಟ್ಟಿ ನಿಂತು, ಒಂದು ಬೆಳಗ್ಗೆ ಕೆಳಗೆ ವಾಲಿತು. ರುಬೀನಾ ಕುರ್ಚಿಯಿಂದ ಹಾರಿದಳು. ಮೊದಲ ಪಂಗಡ ಬೆಳೆದು ಉಣ್ಣತೊಡಗಿತ್ತು. ಆದರೆ ಅದರ ಬೆನ್ನಿಗೇ ನೈಟ್ರೈಟ್ ಏರಿತು. ಅದು ಏರಲೇಬೇಕು, ಎರಡನೆಯ ಪಂಗಡ ಯಾವಾಗಲೂ ನಿಧಾನ, ಮದುವೆ ಮನೆಗೆ ಕೊನೆಯ ಪಂಕ್ತಿಗೆ ಬರುವ ನೆಂಟರ ಹಾಗೆ. ಕಾವಲಿಗೆ ಅಷ್ಟು ತಾಳ್ಮೆ ಎಲ್ಲಿ? ‘ಎರಡನೆಯ ವಿಷ ಪತ್ತೆಯಾಗಿದೆ’ ಎಂದು ನೇರ ರಾಜಧಾನಿಗೆ ದೂರು ಕೊಟ್ಟಿತು. ಸಂಜೆಯೊಳಗೆ ಸುಗಂಧಿಯ ಹೆಬ್ಬೆರಳಿಗಿದ್ದ ಅಧಿಕಾರ ಕಿತ್ತುಕೊಂಡದ್ದಾಯಿತು. ಮರುದಿನ ಕಂದಗಲ್ಲರೇ ಎದುರು ನಿಂತು ಹೊಂಡ ಬರಿದು ಮಾಡಿಸಬೇಕೆಂದು ಆಜ್ಞೆ ಬಂತು.

ಬೆಳಗ್ಗೆ ಕಂದಗಲ್ಲರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಹೊಂಡದ ದಂಡೆಗೆ ಬಂದರು.

“ಸರ್, ಅಮೋನಿಯಾ ಇಳಿದಿದ್ದನ್ನ ನೀವೇ ನೋಡಿದ್ದೀರಿ. ಈಗ ಚೆಲ್ಲಿದರೆ ಹುಟ್ಟುವ ಕೂಸನ್ನ ಅರ್ಧಕ್ಕೇ ಕೊಂದಂತೆ.”

“ನನ್ನ ಕೂಸಿನ ಮುಖ ನನಗ ಇವತ್ತಿಗೂ ಕಣ್ಣಾಗ ಕಟ್ಟೇತ್ರಿ,” ಎಂದರು ಅವರು. “ಇಂಥಾ ನೀರ ಅಕೀನ್ನ ತಿಂದಿದ್ದು. ಇನ್ನೊಬ್ಬರ ಮನ್ಯಾಗ ಹಂಗಾಗಬಾರ್ದು. ರುಬೀನಾ, ತೂಬು ತೆಗಿಯಂತ ಹೇಳು ಕಾವಲಿಗೆ.”

ಸುಗಂಧಿ ಅವರ ಮುಖ ನೋಡಿದಳು. ಅವರ ನೋವಿಗೆ ಉತ್ತರವಿರಲಿಲ್ಲ, ಅವರ ಆಜ್ಞೆಗೆ ಇತ್ತು. ಕಾವಲು ಬಂದ ಹೊಸತರಲ್ಲಿ ಈಜುಕೊಳವೊಂದರ ತೂಬಿನ ಸೆಳೆತಕ್ಕೆ ಸಿಕ್ಕಿ ಒಬ್ಬ ಸತ್ತಿದ್ದ. ಅಂದಿನಿಂದ ನೀರಿನಲ್ಲಿ ಮನುಷ್ಯರ ಮೈಯ ಬಿಸಿ ಕಂಡರೆ ಕಾವಲು ತೂಬು ತೆರೆಯುವಂತಿರ‍ಲಿಲ್ಲ. ಯಾವ ಮಂತ್ರಿ ಹೇಳಿದರೂ ತೆರೆಯುವಂತಿರಲಿಲ್ಲ. ಈ ನಿಯಮ ಯಾರಿಗೂ ನೆನಪಿರಲಿಲ್ಲ, ಏಕೆಂದರೆ ಕೆರೆಜ್ವರದ ಮೇಲೆ ಈ ರಾಜ್ಯದಲ್ಲಿ ನಿಂತ ನೀರಿಗೆ ಇಳಿಯುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಅವಳು ಚಪ್ಪಲಿ ಕಳಚಿದಳು. ಕಲ್ಲಿನಲ್ಲಿ ಕಡಿದ ಮೆಟ್ಟಿಲು ಇಳಿದು, ಚೂಡಿದಾರದ ಸಮೇತ ಎದೆಮಟ್ಟದ ನೀರಿನಲ್ಲಿ ಹೋಗಿ ನಿಂತಳು.

ಹೊಂಡದ ಕಂಬದ ಮೇಲಿದ್ದ ಧ್ವನಿಪೆಟ್ಟಿಗೆ ಗೊರಗುಟ್ಟಿತು. ‘ನೀರಿನಲ್ಲಿ ಮನುಷ್ಯರಿದ್ದಾರೆ. ತೂಬು ತೆರೆಯಲಾಗದು.’

“ಏನ್ ಮಾಡಾಕತ್ತೀರಿ? ಮೇಲೆ ಬರ್ರಿ, ಸಾಯ್ತೀರಿ!” ಕಂದಗಲ್ಲರು ಚೀರಿದರು. ಅವರ ಭಯ ನಿಜವಾದದ್ದಾಗಿತ್ತು.

“ಜ್ವರದ ರೋಗಾಣು ಇದೆಯಾ ಅಂತ ದಿನಾ ಪರೀಕ್ಷೆ ಮಾಡಿದ್ದೇನೆ ಸರ್. ಇಲ್ಲ. ಇಲ್ಲ ಅಂತ ಕಾಗದದಲ್ಲಿ ಬರೆದುಕೊಟ್ಟರೆ ನೀವು ನಂಬಲಿಲ್ಲ. ಈಗ ನಿಂತು ತೋರಿಸ್ತೇನೆ, ನೋಡಿ.”

ಅವರು ಪೊಲೀಸರನ್ನು ಕರೆಸಿದರು. ನಾಲ್ವರು ಬಂದರು. ದಂಡೆಯ ಮೇಲೆ ನಿಂತು ಇಣುಕಿದರು, ಮೂಗು ಮುಚ್ಚಿದರು, ಒಬ್ಬರ ಮುಖ ಒಬ್ಬರು ನೋಡಿದರು. ಇಳಿದು ಎಳೆದು ತನ್ನಿ ಎಂದರೆ ನೀನಿಳಿ ನೀನಿಳಿ ಎಂದು ಒಬ್ಬನನ್ನೊಬ್ಬ ಮುಂದೆ ತಳ್ಳಿದರು. ನೀರನ್ನು ಕಂಡರೆ ಹೆದರಿ ಓಡಬೇಕೆಂದು ಇಷ್ಟು ವರ್ಷ ಜನರಿಗೆ ಕಲಿಸಿದವರು ಯಾರು? ಇವರೇ ತಾನೆ! ಬಿತ್ತಿದ ಬೆಳೆಯನ್ನು ಈಗ ಕೊಯ್ಯಲಿ ಎಂದು ಸುಗಂಧಿ ನೀರಿನಲ್ಲೇ ಕೈಕಟ್ಟಿ ನಿಂತಳು.

ಮಧ್ಯಾಹ್ನದ ಹೊತ್ತಿಗೆ ಅವಳ ಬೆರಳು ಸುಕ್ಕುಗಟ್ಟಿ, ಮೈ ನಡುಗತೊಡಗಿತು. ಒಬ್ಬಳೇ ಎಷ್ಟು ಹೊತ್ತು ನಿಂತಾಳು? ಇನ್ನು ಆಗುವುದಿಲ್ಲ ಎನ್ನಿಸಿದಾಗ ದಂಡೆಯ ಮೇಲೆ ಮಾತು ಕೇಳಿಸಿತು. ಮುತ್ತಕ್ಕ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮೆಟ್ಟಿಲಿಳಿಯುತ್ತಿದ್ದಳು. ಅವಳ ಹಿಂದೆ ಸೂರಕ್ಕ, ಸೂರಕ್ಕನ ಹಿಂದೆ ಕೇರಿಯ ಇನ್ನಷ್ಟು ಹೆಂಗಸರು.

“ಸರಿ ಅತ್ಲಾಗೆ,” ಎಂದಳು ಮುತ್ತಕ್ಕ. “ಮೇಲ್ ಹೋಗಿ ಬಟ್ಟೆ ಬದ್ಲ್ಸ್, ಗಂಜಿ ಉಣ್ಣ್. ಇನ್ನ್ ನಾವ್ ನಿಂತ್ಕಂಬುದ್.”

“ಅಜ್ಜಿ, ನಿಮಗ್ಯಾಕ ಇದು, ವಯಸ್ಸಾಗೇತಿ!” ಎಂದ ಒಬ್ಬ ಪೊಲೀಸ.

“ಊರಿಗ್ ಬಂದವ್ಳ್ ನೀರಿಗ್ ಬಾರ್ದೆ ಇರ್ತ್ಲಾ ಮಗಾ?” ಎಂದು ಸೂರಕ್ಕ ಗೊಳ್ಳನೆ ನಕ್ಕು ನೀರಿಗೆ ಧುಮುಕಿದಳು. ಎಷ್ಟೋ ವರ್ಷಗಳ ಮೇಲೆ ಉಪ್ಪುನೀರು ಅವರ ಮೈ ಮುಟ್ಟಿತ್ತು. ಮುತ್ತಕ್ಕ ಒಂದು ಬೊಗಸೆ ನೀರೆತ್ತಿ ಮುಖಕ್ಕೆ ಹಚ್ಚಿಕೊಂಡಳು. ಅಷ್ಟು ನಾರುವ ನೀರಿನಲ್ಲಿ ಆ ಮುದುಕಿ ಮಕ್ಕಳ ಹಾಗೆ ಅತ್ತಳು. ಮಗಳಿಗೂ ಅಳು ತಡೆಯಲಾಗಲಿಲ್ಲ.

ಅಂದಿನಿಂದ ಹೊಂಡ ಒಂದು ಗಳಿಗೆಯೂ ಜನರಿಲ್ಲದೆ ಉಳಿಯಲಿಲ್ಲ. ಕೇರಿಯ ಹೆಂಗಸರು ಸರದಿ ಹಾಕಿಕೊಂಡರು. ಅಡುಗೆ ಮುಗಿಸಿದವಳು ಬಂದಳು, ಬಂದವಳನ್ನು ಬಿಡಿಸಲು ಇನ್ನೊಬ್ಬಳು ಬಂದಳು. ನೀರಿನಲ್ಲಿ ನಿಂತೇ ಮದುವೆ ಮಾತುಕತೆ ನಡೆದವು, ಅತ್ತೆ ಸೊಸೆಯರ ಹಳೆಯ ಜಗಳಗಳು ಎದ್ದವು. ಗಂಡಸರು ರಾತ್ರಿಯ ಸರದಿ ಹಿಡಿದರು. ಮೈ ತುರಿಸಿದವರಿಗೆ ತೆಂಗಿನೆಣ್ಣೆ ಹಚ್ಚಿದರು. ಜ್ವರ ಮಾತ್ರ ಯಾರಿಗೂ ಬರಲಿಲ್ಲ. ಕಂದಗಲ್ಲರು ದಿನವೂ ಬಂದು ದೂರದಲ್ಲಿ ನಿಂತು, ನೀರಿನಲ್ಲಿದ್ದವರ ಹಣೆಯ ಬಿಸಿ ಅಳೆಯುವಂತೆ ರುಬೀನಾಗೆ ಹೇಳಿ ಹೋಗುತ್ತಿದ್ದರು. ರಾಜಧಾನಿಯಿಂದ ದಿನಕ್ಕೊಂದು ಬೆದರಿಕೆ ಬಂತು. ಬೆದರಿಕೆಗೆ ಈಜು ಬರುತ್ತಿರಲಿಲ್ಲ.

ನೈಟ್ರೈಟ್ ಸತಾಯಿಸಿತು. ಇಳಿಯುವ ಹಾಗೆ ಮಾಡಿ ಮತ್ತೆ ಏರಿತು. ಸುಗಂಧಿಗೆ ಒಂದೆರಡು ಸಲ ತನ್ನ ವಿದ್ಯೆಯ ಮೇಲೇ ಅನುಮಾನ ಬಂತು. ಕೇರಿಗೆ ಕೇರಿಯನ್ನೇ ಕೊಳೆನೀರಿನಲ್ಲಿ ನಿಲ್ಲಿಸಿ ತಾನು ತಪ್ಪಿದ್ದರೆ? ನವರಾತ್ರಿಯ ಘಟಸ್ಥಾಪನೆಯ ದಿನ ರುಬೀನಾ ನಿಯಂತ್ರಣ ಕೊಠಡಿಯಿಂದ ಬರಿಗಾಲಲ್ಲಿ ಓಡಿ ಬಂದಳು.

“ಅಕ್ಕಾರ, ಸೊನ್ನೆ! ಅಮೋನಿಯಾನೂ ಸೊನ್ನೆ, ನೈಟ್ರೈಟೂ ಸೊನ್ನೆ ಐತ್ರಿ! ಮೂರ್ ಸಲ ನೋಡೀನಿ!”

ಹೊಂಡ ತಿಳಿಯಾಗಿತ್ತು. ಕೆಂಪು ಕಲ್ಲುಗಳ ಮೇಲೆ ಕಂದು ಬಣ್ಣದ ತೆಳು ಪದರ ಹಬ್ಬಿ, ಅಲ್ಲಲ್ಲಿ ಹಸಿರು ಚಿಗುರಿತ್ತು. ನಾತ ಯಾವಾಗ ಹೋಯಿತೆಂದು ಯಾರೂ ಗಮನಿಸಿರಲಿಲ್ಲ. ಈಗ ಅಲ್ಲಿದ್ದದ್ದು ಕಡಲ ವಾಸನೆ. ಕೇರಿಯ ಹಿರಿಯರು ಒಬ್ಬೊಬ್ಬರಾಗಿ ದಂಡೆಗೆ ಬಂದು ಅದನ್ನು ಮೂಸಿದರು.

ಮೊದಲು ಐದು ಕಾಣೆ ಮೀನುಗಳನ್ನು ಬಿಟ್ಟರು. ಅವು ತಳಕ್ಕೆ ಹೋಗಿ, ಮೂತಿಯಿಂದ ಮರಳು ಕೆದರಿ, ಕಣ್ಣು ಮಿಟುಕಿಸುವುದರೊಳಗೆ ಹೂತುಕೊಂಡು ಕಾಣದಾದವು. ಮರುದಿನ ಬೆಳಗ್ಗೆ ಐದೂ ಮರಳಿನಿಂದೆದ್ದು ಹಸಿದ ದನಗಳ ಹಾಗೆ ಓಡಾಡುತ್ತಿದ್ದವು. ದಸರೆ ಮುಗಿಯುವಷ್ಟರಲ್ಲಿ ತೊಟ್ಟಿಗಳಲ್ಲಿ ಉಳಿದಿದ್ದ ಜೀವಗಳೆಲ್ಲ ಹೊಂಡ ಸೇರಿದವು. ಒಂದೂ ತೇಲಲಿಲ್ಲ.

ಕಂದಗಲ್ಲರು ಅಂದು ನೀರಿನ ಅಂಚಿನವರೆಗೆ ಬಂದರು. “ನೀರು ಬದುಕೇತಿ, ಒಪ್ಪತೀನಿ,” ಎಂದರು. “ಆದ್ರ ನೀವು ಮಾಡಿದ್ದು ಗುನ್ನೆನ. ನಾ ಹಂಗ ಬರೀತೀನಿ.”

“ಬರೀರಿ ಸರ್,” ಎಂದಳು ಸುಗಂಧಿ. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ವಿಚಾರಣೆ ರಾಜಧಾನಿಯಲ್ಲಿ ನಡೆಯಿತು. ಕೆಲಸ ಹೋಗುವುದಂತೂ ಮೊದಲೇ ತೀರ್ಮಾನವಾಗಿತ್ತು, ಉಳಿದದ್ದು ಜೈಲಿನ ಮಾತು. ಅಧ್ಯಕ್ಷರ ಕುರ್ಚಿಯಲ್ಲಿದ್ದ ಹೆಂಗಸು ಕೆಟ್ಟವಳಲ್ಲ. ಬದುಕಿದ ಸಮುದ್ರದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದರಿಂದ ಅವಳಿಗೂ ಇದನ್ನು ಮೆಲ್ಲಗೆ ಮುಗಿಸಬೇಕಿತ್ತು. ಅವಳೇ ದಾರಿ ತೋರಿಸಿದಳು. ಓದುಬರಹವಿಲ್ಲದ ಮುದುಕಿಯರು ತಿಳಿಯದೆ ಹಾಲು ಸುರಿದರು, ಗಾಬರಿಯಲ್ಲಿ ನಿಮ್ಮ ಹೆಬ್ಬೆರಳು ತಪ್ಪಾಗಿ ಬಿತ್ತು, ಇಷ್ಟು ಹೇಳಿ ಕ್ಷಮೆ ಕೇಳಿದರೆ ಎಚ್ಚರಿಕೆ ಕೊಟ್ಟು ಬಿಡಬಹುದು ಎಂದಳು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುತ್ತಕ್ಕ ತಡೆಯಲಾರದೆ ಎದ್ದು ನಿಂತಳು. “ಹೌದ್ ಅಂತ ಹೇಳ್ ಮಗಾ. ತಪ್ಪ್ ನಮ್ದೇ ಅಲ್ದಾ? ನಮ್ ಮೇಲ್ ಹಾಕ್.”

ಸುಗಂಧಿ ತಿರುಗಿ ತಾಯಿಯನ್ನು ನೋಡಿದಳು. ಕೂತ್ಕೋ ಎಂದು ಕೈಸನ್ನೆ ಮಾಡಿದಳು. ಆಮೇಲೆ ಅಧ್ಯಕ್ಷರ ಕಡೆಗೆ ತಿರುಗಿದಳು.

“ಹಾಲು ಬಿದ್ದದ್ದು ಆಕಸ್ಮಿಕ, ಅದು ನಿಜ. ಹೆಬ್ಬೆರಳು ಒತ್ತಿದ್ದು ಆಕಸ್ಮಿಕ ಅಲ್ಲ. ಆ ನೀರನ್ನ ಕೊಳೆಸಿದವಳು ನಾನು. ನಾರುತ್ತದೆ ಅಂತ ಗೊತ್ತಿದ್ದೇ ಕೊಳೆಸಿದೆ, ನೀವು ಬೇಡ ಅಂದಮೇಲೂ ಕೊಳೆಸಿದೆ.”

“ಪಶ್ಚಾತ್ತಾಪ ಇಲ್ಲವೆಂದು ಬರೆದುಕೊಳ್ಳಬೇಕೇ?”

“ಬರೆದುಕೊಳ್ಳಿ. ಅದರ ಕೆಳಗೆ ಇದನ್ನೂ ಬರೆದುಕೊಳ್ಳಿ. ಇನ್ನೊಂದು ಹೊಂಡ ಕೊಡಿ, ಅದನ್ನೂ ಕೊಳೆಸುತ್ತೇನೆ.”